ಅಜ್ಜ ಮೊಲ ಹೊಡೆಯುತ್ತಿದ್ದರು, ನಾನು ಹೊಡೆದರೆ ತಪ್ಪೇ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕು, ಅಘನಾಶಿನಿ ಹೊಳೆಗೆ ಹತ್ತಿರದ ಊರು. ಎಂಟು ವರ್ಷ ಬೆಂಗಳೂರಲ್ಲಿದ್ದು ಈಗ ವಾಪಸ್ ಬಂದು ಗದ್ದೆ, ತೋಟ ನೋಡಿಕೊಂಡಿದ್ದೇನೆ. ನಮ್ಮ ಅಜ್ಜ ಒಳ್ಳೇ ಶಿಕಾರಿಯವರು. ಮೊಲ, ಕಾಡುಕೋಳಿ ಬಿಟ್ಟು ದೊಡ್ಡದಕ್ಕೆ ಕೈ ಹಾಕಿದವರಲ್ಲ. ಮಳೆಗಾಲದಲ್ಲಿ ಕೋವಿ ಮುಟ್ಟುತ್ತಿರಲಿಲ್ಲ. ತಂದದ್ದನ್ನು ಮನೆಯವರೆಲ್ಲ ತಿನ್ನುತ್ತಿದ್ದೆವು, ಮಾರಿದ್ದಿಲ್ಲ. ಈಗ ನಾನು ಪೇಟೆಯಿಂದ ಬಾಯ್ಲರ್ ಕೋಳಿ ತರುತ್ತೇನೆ. ಶೆಡ್ಡಿನಲ್ಲಿ ಬೆಳೆದು ಲಾರಿ ಹತ್ತುವ ಆ ಕೋಳಿಗಿಂತ ಕಾಡಲ್ಲಿ ಸ್ವಂತವಾಗಿ ಬದುಕಿದ ಮೊಲ ತಿನ್ನುವುದೇ ಮರ್ಯಾದೆಯ ಊಟ ಅಲ್ವಾ? ವರ್ಷಕ್ಕೆ ಎರಡು ಮೊಲ ಹೊಡೆದರೆ ಕಾಡಿಗೇನು ನಷ್ಟ? ಪಕ್ಕದ ಮನೆಯ ಅಣ್ಣ ಬೇಲಿಗೆ ಉರುಳು ಹಾಕುತ್ತಾರೆ. ಹಂದಿಗೆ ಹಾಕಿದ್ದು, ಮೊಲ ಬಿದ್ದರೆ ಅದೃಷ್ಟ ಅನ್ನುತ್ತಾರೆ. ಅದಾದರೂ ಸರಿಯೇ? ಕಾಡು ಮಾಂಸ ದೇಹಕ್ಕೆ ಒಳ್ಳೆಯದು ಅನ್ನುವುದು ನಿಜವೇ? ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಮೊಲ ಹೊಡೆಯಬೇಡಿ. ಉರುಳಂತೂ ಬೇಡವೇ ಬೇಡ. ಆದರೆ ಕೈಯಾರೆ ಹಿಡಿದು, ಕೈಯಾರೆ ಕೊಯ್ದು ತಿನ್ನಬೇಕು ಅನ್ನುವ ಆಸೆ ಇದೆಯಲ್ಲ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅದಕ್ಕೆ ಬೇರೆ ದಾರಿ ಇದೆ, ಅಲ್ಲಿಗೂ ಬರುತ್ತೇನೆ.

ನಾನು ಶಿರಸಿ ಸುತ್ತಮುತ್ತ ಮೂವತ್ತು ವರ್ಷ ಪಶುವೈದ್ಯನಾಗಿದ್ದವನು. ದನ, ಎಮ್ಮೆ, ನಾಯಿಗಳದ್ದೇ ಕೆಲಸ. ಕಾಡುಪ್ರಾಣಿಗೆ ಗಾಯವಾಗಿದೆ ಅಂತ ಯಾರಾದರೂ ಕರೆದರೆ ಅಲ್ಲಿಗೂ ಹೋಗಿದ್ದೇನೆ. ಮನೆಯಲ್ಲಿ ಮಾಂಸ ತಿನ್ನುತ್ತೇವೆ. ಹಾಗಾಗಿ ಕೊಲ್ಲುವುದೇ ಪಾಪ ಅನ್ನುವ ಉಪದೇಶ ನನ್ನಿಂದ ಬರುವುದಿಲ್ಲ.

ಕಾನೂನಿನ ಮಾತು ಮುಗಿಸಿಬಿಡೋಣ. 1972ರ ವನ್ಯಜೀವಿ ಕಾಯ್ದೆ ಬಂದಾಗ ಅದರಲ್ಲಿ ಸಣ್ಣ ಬೇಟೆ ಅಂತಲೇ ಒಂದು ಪಟ್ಟಿ ಇತ್ತು. ಲೈಸೆನ್ಸ್ ಪಡೆದು ಆ ಪಟ್ಟಿಯ ಪ್ರಾಣಿ ಹೊಡೆಯುವುದಕ್ಕೆ ಅವಕಾಶವೂ ಇತ್ತು. ನಮ್ಮ ಹಳ್ಳಿಗಳಲ್ಲಿ ಆ ಲೈಸೆನ್ಸ್ ಮಾಡಿಸಿಕೊಂಡವರು ಎಷ್ಟು ಜನ ಅಂತ ಕೇಳಬೇಡಿ. 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸ್ ಅನ್ನುವುದೇ ಹೋಯಿತು. ಆಮೇಲೆ 2022ರಲ್ಲಿ ಮತ್ತೆ ತಿದ್ದುಪಡಿಯಾಗಿ ಪಟ್ಟಿಗಳು ಕಡಿಮೆಯಾದವು, ದಂಡ ಏರಿತು. ಮೊಲ, ಕಾಡುಕೋಳಿ, ಕಾಡುಹಂದಿ ಎಲ್ಲವೂ ಇವತ್ತಿಗೂ ಕಾಯ್ದೆಯ ರಕ್ಷಣೆಯಲ್ಲೇ ಇವೆ. ಮೊಲಕ್ಕೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಉಡ, ಚಿಪ್ಪುಹಂದಿಯಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಕಡಿಮೆ ಅಂದರೂ 3 ವರ್ಷ, ಹೆಚ್ಚೆಂದರೆ 7. ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಉರುಳು ಹಾಕುವುದು, ಬಲೆ ಕಟ್ಟುವುದು, ಸೋವುವುದು ಅಂದರೆ ಗದ್ದಲ ಮಾಡಿ ಓಡಿಸುವುದು, ವಿಷ ಇಡುವುದು, ಗೂಡಿನ ಮೊಟ್ಟೆ ತೆಗೆಯುವುದು ಎಲ್ಲ ಸೇರುತ್ತದೆ. ಪ್ರಯತ್ನ ಮಾಡಿ ಏನೂ ಸಿಗದಿದ್ದರೂ ಅದು ಬೇಟೆಯೇ.

ಊರಲ್ಲಿ ಓಡಾಡುವ ಮೂರು ತಪ್ಪು ನಂಬಿಕೆ ಇಲ್ಲೇ ಹೇಳುತ್ತೇನೆ. ನಮ್ಮ ಜಾಗದಲ್ಲಿ ಹೊಡೆದರೆ ನಡೆಯುತ್ತದೆ ಅನ್ನುವುದು ಒಂದು. ನಡೆಯುವುದಿಲ್ಲ. ತೋಟವೋ ಸೊಪ್ಪಿನ ಬೆಟ್ಟವೋ, ಮೊಲ ನಿಮ್ಮದಲ್ಲ. ಕುಮಟಾ ರಸ್ತೆಯಲ್ಲಿ ಕಾರಿಗೆ ಸಿಕ್ಕು ಸತ್ತ ಮೊಲವನ್ನು ಚೀಲಕ್ಕೆ ಹಾಕಿಕೊಳ್ಳಬಹುದು ಅನ್ನುವುದು ಇನ್ನೊಂದು. ಅದು ಸರ್ಕಾರದ ಸೊತ್ತು. ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಕಾಡಿನ ಜನರಿಗೆ ಬೇಟೆಯ ಹಕ್ಕು ಸಿಕ್ಕಿದೆ ಅನ್ನುವುದು ಮೂರನೆಯದು. 2006ರ ಆ ಕಾಯ್ದೆ ಜೇನು, ಸೊಪ್ಪು, ಮೀನಿನ ಹಕ್ಕು ಕೊಡುವಾಗಲೇ ಬೇಟೆಯ ಹಕ್ಕನ್ನು ಹೆಸರು ಹಿಡಿದು ಹೊರಗಿಟ್ಟಿದೆ.

ಇಷ್ಟಾಯಿತು. ಕಾನೂನು ಅಡ್ಡ ಇಲ್ಲದಿದ್ದರೂ ಬೇಡ ಅನ್ನುತ್ತಿದ್ದೆನೇ? ನಿಮ್ಮ ಪ್ರಶ್ನೆಯ ಹಿಂದೆ ಇರುವುದು ಇದೇ ಅನ್ನಿಸುತ್ತದೆ.

ಬಾಯ್ಲರ್ ಕೋಳಿಗಿಂತ ಮೊಲದ ಬದುಕು ಚೆನ್ನಾಗಿತ್ತು, ಒಪ್ಪಿದೆ. ಅದರ ಸಾವು ಹೇಗಿತ್ತು? ಕೋವಿಯ ಚರೆ, ಅಂದರೆ ಸಣ್ಣ ಗುಂಡು, ತಲೆಗೆ ಬಿದ್ದರೆ ಸರಿ. ಹೊಟ್ಟೆಗೆ ಒಂದೇ ಒಂದು ತಾಗಿದರೆ ಮೊಲ ಬೀಳುವುದಿಲ್ಲ, ಓಡುತ್ತದೆ. ಪೊದೆ ಹೊಕ್ಕು ಅಲ್ಲೇ ಕೂತು ಒಂದೆರಡು ದಿನಕ್ಕೆ ಸಾಯುತ್ತದೆ. ಅಜ್ಜಂದಿರ ಕಥೆಗಳಲ್ಲಿ ಹೊತ್ತು ತಂದ ಮೊಲ ಮಾತ್ರ ಇರುತ್ತವೆ. ಓಡಿಹೋದದ್ದನ್ನು ಯಾರೂ ಎಣಿಸಿರುವುದಿಲ್ಲ.

ಅಜ್ಜ ಮಳೆಗಾಲದಲ್ಲಿ ಕೋವಿ ಮುಟ್ಟುತ್ತಿರಲಿಲ್ಲ ಅಂದಿರಿ. ಅದು ಸರಿಯಾದ ಲೆಕ್ಕವೇ. ಹುಲ್ಲು ಚಿಗುರಿದಾಗ ಮರಿಗಳು ಜಾಸ್ತಿ. ಆದರೆ ನಮ್ಮ ಕಾಡುಮೊಲ ವರ್ಷವಿಡೀ ಮರಿ ಹಾಕುತ್ತದೆ. ಒಂದು ಸೂಲಿಗೆ ಒಂದೋ ಎರಡೋ. ಬಿಲ ತೋಡುವುದಿಲ್ಲ, ಹುಲ್ಲಿನ ಬುಡದಲ್ಲಿ ಮೈ ಅಳತೆಯ ಗುಳಿ ಮಾಡಿಕೊಂಡು ಕೂರುತ್ತದೆ. ಮರಿಗಳಿಗೆ ಹುಟ್ಟುವಾಗಲೇ ಕೂದಲು ಇರುತ್ತದೆ, ಕಣ್ಣು ತೆರೆದಿರುತ್ತದೆ. ತಾಯಿ ಅವನ್ನು ಹುಲ್ಲಲ್ಲಿ ಬಿಟ್ಟು ದೂರ ಇದ್ದು, ಕತ್ತಲಾದ ಮೇಲೆ ಹಾಲು ಕೊಡಲು ಬರುತ್ತದೆ. ನೀವು ಜನವರಿಯ ರಾತ್ರಿ ಹೊಡೆದ ಮೊಲ ಹೆಣ್ಣೋ ಗಂಡೋ, ಹಾಲಿದೆಯೋ ಇಲ್ಲವೋ ಮೂವತ್ತು ಮಾರು ದೂರದಿಂದ ಯಾವ ಶಿಕಾರಿಯವನಿಗೂ ಗೊತ್ತಾಗುವುದಿಲ್ಲ. ಚರ್ಮ ಸುಲಿಯುವಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಏನು ಮಾಡುವುದು?

ವರ್ಷಕ್ಕೆ ಎರಡು ಅನ್ನುವ ಲೆಕ್ಕವೂ ನೀವೊಬ್ಬರೇ ಆದರೆ ಸರಿ. ಅಜ್ಜನ ಕಾಲಕ್ಕೆ ಊರಿಗೆ ಒಂದೋ ಎರಡೋ ಕೇಪಿನ ಕೋವಿ. ಮರಸು ಕೂತರೆ, ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಅಡಗಿ ಕಾದರೆ, ಸೊಳ್ಳೆ, ಚಳಿ, ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ ಖಾಲಿ ಕೈ. ಆ ಖಾಲಿ ಕೈಯೇ ಕಾಡನ್ನು ಕಾಯುತ್ತಿದ್ದದ್ದು. ಈಗ ಹಣೆಗೆ ಕಟ್ಟುವ ಟಾರ್ಚ್ ಬಂದಿದೆ. ಆ ಬೆಳಕು ಬಿದ್ದರೆ ಮೊಲ ಓಡದೆ ನಿಂತುಬಿಡುತ್ತದೆ, ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಬೈಕಿನಲ್ಲಿ ಹೋಗಿ ಒಂದೇ ರಾತ್ರಿ ಆರು ಹೊಡೆದು ತರುವವರಿದ್ದಾರೆ. ಅದರಲ್ಲಿ ಕಸುಬೂ ಇಲ್ಲ, ಊಟದ ಅಗತ್ಯವೂ ಇಲ್ಲ. ಅಂಥವರ ನಡುವೆ ನಿಮ್ಮ ಎರಡು ಮೊಲವೂ ಅದೇ ಗಂಟಿಗೆ ಸೇರುತ್ತವೆ.

ಇನ್ನು ಉರುಳು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಕಣ್ಣಾರೆ ಕಂಡದ್ದು.

ಒಂದು ಡಿಸೆಂಬರ್ ಬೆಳಿಗ್ಗೆ ಅಡಿಕೆ ತೋಟದ ಮೇಲಿನ ಬೇಲಿಯಲ್ಲಿ ಚಿರತೆ ಸಿಕ್ಕಿಬಿದ್ದಿದೆ ಅಂತ ಕರೆ ಬಂತು. ಉರುಳು ಹಾಕಿದ್ದು ಹಂದಿಗೋ ಮೊಲಕ್ಕೋ, ಯಾರೂ ಬಾಯಿ ಬಿಡಲಿಲ್ಲ. ಬೈಕಿನ ಕ್ಲಚ್ ವೈರು. ಚಿರತೆಯ ತಲೆ, ಮುಂಗಾಲು ದಾಟಿ ಸೊಂಟಕ್ಕೆ ಬಿಗಿದಿತ್ತು. ಸುತ್ತ ಎರಡು ಮಾರು ನೆಲ ಹೂಡಿದ ಗದ್ದೆಯ ಹಾಗೆ ಕಿತ್ತುಹೋಗಿತ್ತು. ಅರಿವಳಿಕೆ ಕೊಟ್ಟು, ಕಟಿಂಗ್ ಪ್ಲೇಯರಿನಲ್ಲಿ ವೈರು ಕತ್ತರಿಸಿದೆವು. ಒಂದು ಹನಿ ರಕ್ತ ಇರಲಿಲ್ಲ. ಕೂದಲಿನ ನಡುವೆ ಪೆನ್ಸಿಲ್ ಗಾತ್ರದ ಗೆರೆ, ಅಷ್ಟೇ. ನೋಡಲು ಬಂದವರು ಚಪ್ಪಾಳೆ ಹೊಡೆದರು.

ಬೋನಿನಲ್ಲಿ ನೀರು ಕುಡಿಯಿತು, ಮುಖ ಎತ್ತಿ ಗುರುಗುಟ್ಟಿತು. ಎರಡನೇ ದಿನ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಮೂರನೇ ದಿನ ಸತ್ತಿತು. ಗಂಟೆಗಟ್ಟಲೆ ಎಳೆದಾಡಿದಾಗ, ವೈರಿನಡಿ ರಕ್ತ ನಿಂತಾಗ ಮಾಂಸಖಂಡ ಒಳಗೇ ಜಜ್ಜಿ ಒಡೆಯುತ್ತದೆ. ಬಿಗಿತ ಬಿಟ್ಟ ಮೇಲೆ ಆ ಒಡೆದ ಮಾಂಸದ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೊರಗೆ ಗಾಯವೇ ಕಾಣುವುದಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಚರ್ಮ ಬಿಡಿಸಿದಾಗ ಸೊಂಟದ ಒಂದು ಪಕ್ಕ ಪೂರ್ತಿ ಕಪ್ಪಾಗಿತ್ತು.

ಕೋವಿ ಹಿಡಿದವನು ಕೊನೇ ಗಳಿಗೆಯಲ್ಲಿ ಕೈ ಹಿಂದೆ ತೆಗೆಯಬಹುದು. ಉರುಳಿಗೆ ಆ ಬುದ್ಧಿ ಇಲ್ಲ. ಹಾಕಿದವನು ಮನೆಯಲ್ಲಿ ಮಲಗಿರುತ್ತಾನೆ, ಅದು ಬಂದದ್ದನ್ನೆಲ್ಲ ಹಿಡಿಯುತ್ತದೆ. ಚಿರತೆ, ಕಾಡುಕುರಿ, ಪುನುಗಿನ ಬೆಕ್ಕು, ನಿಮ್ಮದೇ ನಾಯಿ. ಎಮ್ಮೆಕರುವಿನ ಕಾಲು ಉರುಳಿಗೆ ಸಿಕ್ಕು ಗೊರಸಿನ ಮೇಲೆ ಕೊಳೆತು, ಕೊನೆಗೆ ಕಾಲು ತೆಗೆಯಬೇಕಾದದ್ದೂ ಇದೆ. ಪಕ್ಕದ ಮನೆಯ ಅಣ್ಣನಿಗೆ ಈ ಕರುವಿನ ಕಥೆ ಹೇಳಿ. ಚಿರತೆಯ ಕಥೆಗಿಂತ ಇದೇ ಹೆಚ್ಚು ತಾಗಬಹುದು.

ಕಾಡು ಮಾಂಸ ದೇಹಕ್ಕೆ ಒಳ್ಳೆಯದು ಅನ್ನುವ ಬಗ್ಗೆ. ಕೊಬ್ಬು ಕಡಿಮೆ, ಅದು ನಿಜ. ಅಷ್ಟಕ್ಕೇ ಔಷಧ ಆಗುವುದಿಲ್ಲ. ಉಡದ ಮಾಂಸಕ್ಕೆ ಬೆನ್ನುನೋವು ಹೋಗುವುದಿಲ್ಲ, ಮೊಲದ ರಕ್ತಕ್ಕೆ ಕೂದಲು ಬೆಳೆಯುವುದಿಲ್ಲ, ಬಾವಲಿ ತಿಂದರೆ ದಮ್ಮು ವಾಸಿಯಾಗುವುದಿಲ್ಲ. ಅಪಾಯಗಳು ಮಾತ್ರ ನಿಜವಾದವು. ಸೀಸದ ಚರೆ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರಾಗಿ ಹರಡುತ್ತದೆ. ದೊಡ್ಡ ಚರೆ ಹೆಕ್ಕಿ ತೆಗೆದರೂ ಅದು ಉಳಿದಿರುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಸೀಸ ಒಳ್ಳೆಯದಲ್ಲ. ಕಾಡುಹಂದಿಯ ಮಾಂಸ ಸರಿಯಾಗಿ ಬೇಯದಿದ್ದರೆ ಹುಳದ ಕಾಟ.

ನಿಮ್ಮ ತಾಲೂಕಿನವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಹಳ್ಳಿಗಳು ಇತ್ತೀಚೆಗೂ ಅದರಿಂದ ನೊಂದಿವೆ. ಹೆಸರು ಮಂಗನದ್ದಾದರೂ ಹರಡುವುದು ಉಣುಗು, ಅದು ಇಲಿ, ಅಳಿಲು, ಮೊಲ, ದನ ಎಲ್ಲದರ ಮೈಮೇಲೂ ಇರುತ್ತದೆ. ಸತ್ತ ಪ್ರಾಣಿಯ ಮೈ ತಣ್ಣಗಾಗುತ್ತಿದ್ದ ಹಾಗೆ ಉಣುಗುಗಳು ಅದನ್ನು ಬಿಟ್ಟು ಹೊರಡುತ್ತವೆ. ಹೆಗಲ ಮೇಲೆ ಹೊತ್ತವನ ಕುತ್ತಿಗೆ, ಸುಲಿಯುವವನ ತೋಳು ಅವಕ್ಕೆ ಹತ್ತಿರದ ಜಾಗ. ಈ ಕಾಯಿಲೆ ಜೋರಾಗುವ ನವೆಂಬರಿನಿಂದ ಮೇ ತಿಂಗಳೇ ಶಿಕಾರಿಯ ಕಾಲವೂ ಹೌದು. ಸೊಪ್ಪು, ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವಾಗಲೂ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ನೆನೆಹಾಕಿ.

ಹಾಗಾದರೆ ಏನು ಮಾಡಬಹುದು? ಕ್ಯಾಮೆರಾ ತಗೊಂಡು ಹೋಗಿ ಫೋಟೋ ತೆಗೆಯಿರಿ ಅಂತ ಹೇಳುವುದಿಲ್ಲ. ನೀವು ಕೇಳಿದ್ದು ಊಟದ ವಿಚಾರ.

ನನ್ನ ಮಟ್ಟಿಗೆ ಒಳ್ಳೆಯ ಬೇಟೆ ಅಂದರೆ ಹಿಡಿದ ಮೇಲೂ ನೋಡಿ ಬಿಡಲು ಸಾಧ್ಯವಿರುವುದು. ಮೊಲದಲ್ಲಿ ಅದು ಆಗುವುದಿಲ್ಲ. ನೀರಿನಲ್ಲಿ ಆಗುತ್ತದೆ.

ಏಡಿಯಿಂದಲೇ ಶುರು ಮಾಡಿ. ಹಳ್ಳದ ಕಲ್ಲು ಎತ್ತಿ ಹಿಂದಿನಿಂದ ಬೆನ್ನು ಒತ್ತಿ ಹಿಡಿಯಿರಿ, ಬೆರಳು ಕೊಂಬಿಗೆ ಸಿಗಬಾರದು. ಮಗುಚಿ ಹೊಟ್ಟೆ ನೋಡಿ. ಅಲ್ಲಿ ಮಡಚಿದ ಒಂದು ಮುಚ್ಚಳ ಇರುತ್ತದೆ. ಕಿರಿದಾಗಿ, ಚೂಪಾಗಿ ಇದ್ದರೆ ಗಂಡು. ಅಗಲವಾಗಿ, ದುಂಡಗಿದ್ದರೆ ಹೆಣ್ಣು. ಹೆಣ್ಣಾದರೆ ಉಗುರಿನಿಂದ ಮುಚ್ಚಳವನ್ನು ಸ್ವಲ್ಪವೇ ಎತ್ತಿ. ಒಳಗೆ ಮೊಟ್ಟೆಗಳ ಗೊಂಚಲು ಇರಬಹುದು, ಇಲ್ಲವೇ ಸಾಸಿವೆಗಿಂತ ಕೊಂಚ ದೊಡ್ಡ, ಕಾಲು ಕೈ ಎಲ್ಲ ಮೂಡಿದ ಏಡಿಮರಿಗಳು ಗಿಜಿಗಿಜಿ ಅನ್ನುತ್ತಿರಬಹುದು. ಸಿಹಿನೀರಿನ ಏಡಿಯ ಮರಿ ಸಮುದ್ರದ ಏಡಿಯದರ ಹಾಗೆ ನೀರಲ್ಲಿ ತೇಲಿ ಬೆಳೆಯುವುದಿಲ್ಲ, ತಾಯಿಯ ಹೊಟ್ಟೆಯಡಿಯೇ ಏಡಿಯಾಗಿ ಹೊರಬರುತ್ತದೆ. ಮುಚ್ಚಳ ಮುಚ್ಚಿ ಅದೇ ಕಲ್ಲಿನಡಿ ಬಿಡಿ, ಕಲ್ಲನ್ನೂ ಇದ್ದ ಹಾಗೇ ಇಡಿ. ದೊಡ್ಡ ಗಂಡುಗಳನ್ನು ಮನೆಗೆ ತನ್ನಿ. ಅರ್ಧ ಗಂಟೆ ಐಸಿನಲ್ಲಿಟ್ಟರೆ ಮರಗಟ್ಟುತ್ತವೆ, ಆಮೇಲೆ ಕತ್ತಿಯ ತುದಿಯಿಂದ ಹೊಟ್ಟೆಯ ನಡುವೆ ಒಂದೇ ಸಲಕ್ಕೆ ಚುಚ್ಚಿ ಕೊಲ್ಲಿ. ಜೀವಂತ ಕಾಲು ಕೀಳಬೇಡಿ. ಪೂರ್ತಿ ಬೇಯಿಸಿ, ಅರೆಬೆಂದ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳ ಇರಬಹುದು. ಕಾಲಿಗೆ ಗಾಯವಿದ್ದರೆ ಗದ್ದೆಯ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ.

ಮೀನಿನ ವಿಚಾರದಲ್ಲಿ ನನಗೂ ನಮ್ಮ ಊರವರಿಗೂ ಜಗಳ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಹಿಡಿಯುವುದು ನಮ್ಮಲ್ಲಿ ಹಬ್ಬದ ಹಾಗೆ. ನಾನೂ ಚಿಕ್ಕವನಿದ್ದಾಗ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡಿ ರಾತ್ರಿಯೆಲ್ಲ ಕಾದವನೇ. ಆದರೆ ಆ ಮೀನು ಬರುವುದು ಮೊಟ್ಟೆ ಇಡುವುದಕ್ಕೆ. ಮಳೆಗಾಲದಲ್ಲಿ ಕೋವಿ ಮುಟ್ಟದ ಅಜ್ಜ ಮೊಟ್ಟೆ ತುಂಬಿದ ಮೀನನ್ನು ಬುಟ್ಟಿಗಟ್ಟಲೆ ತಂದದ್ದೂ ಇದ್ದೀತು. ಆಗ ಹಳ್ಳಕ್ಕೆ ಒಂದು ಕೂಣಿ, ಈಗ ಹಳ್ಳ ಪೂರ್ತಿ ಅಡ್ಡ ಕಟ್ಟುವ ನೈಲಾನ್ ಬಲೆ. ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇದೆಯಲ್ಲ, ನಿಮ್ಮ ಗದ್ದೆಯ ಹಳ್ಳಕ್ಕೂ ಅದೇ ರಜೆ ಕೊಡಿ. ಹೊಳೆ ತಿಳಿಯಾದ ಮೇಲೆ ಗಾಳ ಹಾಕಿ. ನಿಂತ ನೀರಲ್ಲಿ ಕೆಂಪು ಮರಿಗಳ ಗುಂಪು ಮೇಲೆ ಬಂದು ಹೋಗುತ್ತಿದ್ದರೆ ಅದರ ಕೆಳಗೆ ಕೊರವ ಮೀನು ಕಾವಲಿರುತ್ತದೆ. ಅದನ್ನು ಹೊಡೆದರೆ ಆ ಗುಂಪು ಬೇರೆ ಮೀನುಗಳ ಬಾಯಿಗೆ. ಗಾಳಕ್ಕೆ ಸಿಕ್ಕ ಮೀನನ್ನು ದಡದಲ್ಲಿ ಒದ್ದಾಡಲು ಬಿಡಬೇಡಿ, ಕಣ್ಣಿನ ಹಿಂದೆ ತಲೆಯ ಮೇಲೆ ದೊಣ್ಣೆಯಿಂದ ಒಂದು ಗಟ್ಟಿ ಏಟು. ಮಾಂಸವೂ ಚೆನ್ನಾಗಿರುತ್ತದೆ. ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು ಅಪರಾಧ. ಕಾರೆಕಾಯಿ ಜಜ್ಜಿ ಹಾಕುವುದು ಹಳೇ ಪದ್ಧತಿ ಅನ್ನುತ್ತಾರೆ. ಅದೂ ವಿಷವೇ, ಮೀನಿನ ಮರಿಯನ್ನೂ ಬಿಡುವುದಿಲ್ಲ.

ಬಿಡುವಾದಾಗ ನಿಮ್ಮದೇ ಹೊಳೆಯ ಬಾಯಿಗೆ, ಕುಮಟಾ ಕಡೆ ಹೋಗಿ ನೋಡಿ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಕಾಲ್ಬೆರಳಲ್ಲೇ ತಡಕಿ ಬೆಳಚು, ಅಂದರೆ ತಿನ್ನುವ ಚಿಪ್ಪು, ತೆಗೆಯುತ್ತಾರೆ. ನಾನು ಒಂದು ಗಂಟೆ ಪ್ರಯತ್ನಿಸಿ ಹನ್ನೆರಡು ತೆಗೆದೆ, ಅದರಲ್ಲಿ ಐದು ಖಾಲಿ ಚಿಪ್ಪು. ಪಕ್ಕದಲ್ಲಿದ್ದ ಅಜ್ಜಿಯ ಬುಟ್ಟಿ ತುಂಬಿತ್ತು. ಸಣ್ಣವನ್ನು ನೋಡದೆಯೇ ಹಿಂದಕ್ಕೆ ಎಸೆಯುತ್ತಿದ್ದರು, ಬೆರಳಿಗೇ ಅಳತೆ ಗೊತ್ತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿ ಬೆಳಚು ತೆಗೆಯುವುದು ಆ ಮನೆಗಳ ಹೊಟ್ಟೆಪಾಡು, ಹಾಗಾಗಿ ನೀವು ಕೈ ಹಾಕುವುದಕ್ಕಿಂತ ಅವರಿಂದ ಕೊಂಡು ತರುವುದೇ ಸರಿ. ಒಂದೆರಡು ಗಂಟೆ ಉಪ್ಪುನೀರಲ್ಲಿಟ್ಟರೆ ಮರಳು ಬಿಡುತ್ತದೆ. ಬೇಯಿಸಿದ ಮೇಲೂ ಬಾಯಿ ತೆರೆಯದವನ್ನು ಎಸೆಯಿರಿ.

ಮಾಂಸವೇ ಬೇಕು ಅಂದರೆ ಹಿತ್ತಲಲ್ಲಿ ಊರುಕೋಳಿ ಸಾಕಿ. ಬಾಯ್ಲರಿನ ಬಗ್ಗೆ ನಿಮಗಿರುವ ಬೇಸರಕ್ಕೆ ಸರಿಯಾದ ಉತ್ತರ ಅದೇ. ಕೊಯ್ಯುವುದನ್ನು ಇನ್ನೊಬ್ಬರಿಗೆ ಬಿಡದೆ ನೀವೇ ಕಲಿಯಿರಿ. ಹಿಂದಿನ ರಾತ್ರಿ ಮೇವು ಕೊಡಬೇಡಿ, ನೀರು ಇರಲಿ. ಬೆಳಿಗ್ಗೆ ಕತ್ತಲಿರುವಾಗಲೇ ಗೂಡಿನಿಂದ ತೆಗೆದರೆ ಗಲಾಟೆ ಮಾಡುವುದಿಲ್ಲ. ಕಂಕುಳಲ್ಲಿ ರೆಕ್ಕೆ ಒತ್ತಿ ಹಿಡಿದು ಸುಮ್ನೆ ಒಂದು ನಿಮಿಷ ನಿಲ್ಲಿ. ಕತ್ತಿ ಮಸೆದಿರಬೇಕು, ಒಂದೇ ಎಳೆತಕ್ಕೆ ಕತ್ತಿನ ಎರಡೂ ಪಕ್ಕದ ರಕ್ತನಾಳ ತುಂಡಾಗಬೇಕು. ಮೊದಲ ಸಲ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಮಾಡಬೇಡಿ, ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೊಲದ ರುಚಿಯೇ ಬೇಕಾದರೆ ಸಾಕು ಮೊಲ ಬೇರೆ ಜಾತಿ, ವನ್ಯಜೀವಿ ಕಾಯ್ದೆಗೆ ಬರುವುದಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಅದಕ್ಕೆ ಕಜ್ಜಿ, ಭೇದಿ ಬೇಗ ಹಿಡಿಯುತ್ತದೆ. ಎತ್ತರದಲ್ಲಿ ಒಣ ಗೂಡು ಮಾಡಲು ಆಗದಿದ್ದರೆ ಆ ಉಸಾಬರಿ ಬೇಡ.

ಅಜ್ಜ ಕಲಿತ ಕಸುಬು ಪೂರ್ತಿ ಹೋಯಿತು ಅಂತ ಅಂದುಕೊಳ್ಳಬೇಡಿ. ಗದ್ದೆ ಅಂಚಿನಲ್ಲಿ ಬೆಳಿಗ್ಗೆ ನೋಡಿ. ಚಿಗುರನ್ನು ಕತ್ತರಿ ಹಾಕಿದ ಹಾಗೆ ಓರೆಯಾಗಿ ಕಡಿದಿದ್ದರೆ ಮೊಲ. ಪಕ್ಕದಲ್ಲಿ ಸಣ್ಣ ಸಣ್ಣ ದುಂಡು ಹಿಕ್ಕೆ ಇರುತ್ತದೆ. ಕೆಸರಲ್ಲಿ ಎರಡು ಸಣ್ಣ ಹೆಜ್ಜೆ ಒಂದರ ಹಿಂದೆ ಒಂದು, ಅದಕ್ಕಿಂತ ಮುಂದೆ ಎರಡು ದೊಡ್ಡ ಹೆಜ್ಜೆ ಜೋಡಿಯಾಗಿ. ಮುಂದಿರುವುದೇ ಹಿಂಗಾಲು, ಹಾರುವಾಗ ಅದು ಮುಂಗಾಲನ್ನು ದಾಟಿ ಬೀಳುತ್ತದೆ. ಹಂದಿಯದು ಬೇರೆ, ಗೊರಸಿನ ಹಿಂದೆ ಎರಡು ಚುಕ್ಕೆ ಒತ್ತಿರುತ್ತವೆ. ಇದನ್ನು ಗುರುತಿಸುವ ಕಣ್ಣು ನಿಮಗೆ ಬೇಗ ಕೆಲಸಕ್ಕೆ ಬರುತ್ತದೆ, ಪಕ್ಕದ ಮನೆಯ ಅಣ್ಣನ ವಿಷಯದಲ್ಲಿ.

ಅವರಿಗೆ ಹಂದಿ ಕಾಟ ಸುಳ್ಳಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಆದರೆ ಅಧಿಕಾರ ಇರುವ ಅಧಿಕಾರಿಯ ಲಿಖಿತ ಅನುಮತಿ ಮೊದಲು ಬೇಕು, ಮಾಂಸವೂ ನಿಮ್ಮದಾಗುವುದಿಲ್ಲ. ಅದಕ್ಕಿಂತ ಬೆಳೆ ಪರಿಹಾರದ ಅರ್ಜಿ ಹಾಕುವುದು ಸುಲಭ. ಅವರಿಗೆ ಆನ್‌ಲೈನ್ ಅರ್ಜಿ ತಲೆನೋವು, ನಿಮಗೆ ಹತ್ತು ನಿಮಿಷದ ಕೆಲಸ. ಉರುಳು ಬಿಚ್ಚಿಸುವ ಮಾತನ್ನು ಆ ಅರ್ಜಿ ತುಂಬುವಾಗಲೇ ಎತ್ತಿ. ಹಂದಿ ನುಗ್ಗಿದ ಬೆಳಿಗ್ಗೆಯೇ ಫೋಟೋ ತೆಗೆದಿಡಿ, ಹೆಜ್ಜೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು. ಮಳೆ ಬಂದರೆ ಆ ಎರಡು ಚುಕ್ಕೆ ಮೊದಲು ಅಳಿಸಿಹೋಗುತ್ತವೆ.